ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ: ಸ್ಟ್ಯಾಟಿಸ್ಟಿಕ್ಸ್ ಮುಂದೂಡಬೇಡಿ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಸೈಕಾಲಜಿಗೆ ಸೇರುವವರು ಮೊದಲ ಸೆಮಿಸ್ಟರಿನಲ್ಲೇ ಸ್ಟ್ಯಾಟಿಸ್ಟಿಕ್ಸ್ ಹಾಕಿಕೊಳ್ಳಿ. ಲೆಕ್ಕ ಎಂದು ಹೆದರಿ ಕೊನೆಗೆ ತಳ್ಳಿದರೆ ಮುಂದಿನದೆಲ್ಲ ನಿಂತುಬಿಡುತ್ತದೆ. ಸಂಶೋಧನೆ ಮಾಡುವ ಬಗೆ ಕಲಿಸುವ ರಿಸರ್ಚ್ ಮೆಥಡ್ಸ್‌ ಕೋರ್ಸಿಗೆ ಸೇರಲು ಇಂಟ್ರೊ ಸೈಕಾಲಜಿಯೂ ಸ್ಟ್ಯಾಟಿಸ್ಟಿಕ್ಸೂ ಪಾಸಾಗಿರಬೇಕು. ಇಲ್ಲಿ ಓದಿ ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋಗಲು ಮಾಡುವ 60 ಯೂನಿಟ್‌ಗಳ (ಕ್ರೆಡಿಟ್‌ಗಳ) ಟ್ರಾನ್ಸ್‌ಫರ್ ಡಿಗ್ರಿಯಲ್ಲಿ ಈ ಮೂರೂ ಕಡ್ಡಾಯ. ನಾನು ಮೊದಲ ಎರಡನ್ನು ಒಟ್ಟಿಗೆ ಮುಗಿಸಿ, ಮರುಸೆಮಿಸ್ಟರಿಗೆ ರಿಸರ್ಚ್ ಮೆಥಡ್ಸ್ ಜೊತೆ ಬಯಲಾಜಿಕಲ್ ಸೈಕಾಲಜಿ ಇಟ್ಟುಕೊಂಡೆ.

ಊರಿನಲ್ಲೇ ಡಿಗ್ರಿ ಮುಗಿಸಿ ಬಂದು ಕೌನ್ಸೆಲಿಂಗ್ ಮಾಸ್ಟರ್ಸ್ ಮಾಡಬೇಕೆಂದಿರುವವರಿಗೆ ಈ 60 ಯೂನಿಟ್ ಸಾಮಾನ್ಯವಾಗಿ ಬೇಕಿಲ್ಲ. ಸೇರಬೇಕೆಂದಿರುವ ಯೂನಿವರ್ಸಿಟಿ ಯಾವ ಕೋರ್ಸ್‌ಗಳನ್ನು ಮೊದಲೇ ಕೇಳುತ್ತದೆ ನೋಡಿ, ಅಷ್ಟನ್ನೇ ಮಾಡಿ.

ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದರೆ 3 ಯೂನಿಟ್ ಕೋರ್ಸಿಗೆ 138. ಎಚ್-4 ವೀಸಾದವರೂ (ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳು) ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿ, ಅಲ್ಲೇ ಇರುವ ಉದ್ದೇಶಕ್ಕೆ ದಾಖಲೆ ಕೊಟ್ಟರೆ ಈ ದರಕ್ಕೆ ಅರ್ಹರಾಗಬಹುದು. ಆದರೆ ಹೊತ್ತಿನ ಲೆಕ್ಕ ಹಲವರಿಗೆ ತಪ್ಪುತ್ತದೆ. ಒಂದು ಯೂನಿಟ್ ಎಂದರೆ ಸುಮಾರು 48 ಗಂಟೆಯ ಕೆಲಸ. 16 ವಾರಕ್ಕೆ ಹಂಚಿದರೆ 3 ಯೂನಿಟ್ ಕೋರ್ಸಿಗೆ ವಾರಕ್ಕೆ 9 ಗಂಟೆ: ಕ್ಲಾಸಿನಲ್ಲಿ 3, ಮನೆಯಲ್ಲಿ 6. ಮನೆ, ಮಕ್ಕಳು ಇರುವವರು ಇದನ್ನು ನೋಡಿಯೇ ಕೋರ್ಸ್ ಆರಿಸಿ. ಆಗುವುದಿಲ್ಲ ಅನ್ನಿಸಿದರೆ ಟರ್ಮಿನ ಮೊದಲ 20 ಶೇಕಡಾ ಮುಗಿಯುವುದರೊಳಗೆ ಬಿಟ್ಟುಬಿಡಿ. ಆಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) 'ಡಬ್ಲ್ಯೂ', ಅಂದರೆ ನಡುವೆ ಬಿಟ್ಟದ್ದು ಎಂಬ ಗುರುತು ಬೀಳುತ್ತದೆ.

ರಿಸರ್ಚ್ ಮೆಥಡ್ಸ್‌ನ ಪ್ರಾಜೆಕ್ಟಿಗೆ ಸ್ಟ್ರೂಪ್ ಪ್ರಯೋಗ ಒಳ್ಳೆಯದು. 1935ರದ್ದು, ಖರ್ಚಿಲ್ಲ, ಪರಿಣಾಮ ದೊಡ್ಡದು. ಎರಡು ಹಾಳೆ, ಒಂದೊಂದರಲ್ಲಿ 40 ಪದ: ಕೆಂಪು, ಹಸಿರು, ನೀಲಿ, ಹಳದಿ. ಒಂದರಲ್ಲಿ ಪದಕ್ಕೂ ಶಾಯಿಗೂ ಹೊಂದಿಕೆ, ಇನ್ನೊಂದರಲ್ಲಿ ಇಲ್ಲ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು; ಒಂದೊಂದು ಹಾಳೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಬೇಕು. ಹಸಿರು ಶಾಯಿಯಲ್ಲಿ 'ಕೆಂಪು' ಎಂದು ಬರೆದಿದ್ದರೆ ಕನ್ನಡ ಬಲ್ಲವರ ನಾಲಿಗೆ ತಾನಾಗಿ 'ಕೆಂಪು' ಎನ್ನಲು ಹೊರಟು ತಡವರಿಸುತ್ತದೆ. ಕನ್ನಡ ಲಿಪಿ ಬಾರದವರಿಗೆ ಅದು ಬರೀ ಆಕಾರ, ಅಡ್ಡಿಯಾಗುವುದಿಲ್ಲ. ಓದು ಎಷ್ಟು ತಾನೇ ತಾನಾಗಿ ನಡೆಯುತ್ತದೆ ಎಂಬುದು ಕಣ್ಣೆದುರೇ ಕಾಣುವ ಈ ಪ್ರಯೋಗ ನನಗೆ ಬಹಳ ಇಷ್ಟ.

ಕೆಡುವುದು ಸಣ್ಣ ಸಂಗತಿಗಳಲ್ಲಿ. ಹೊಂದಿಕೆಯ ಹಾಳೆಯನ್ನೇ ಎಲ್ಲರಿಗೂ ಮೊದಲು ಕೊಟ್ಟರೆ, ಎರಡನೆಯ ಹೊತ್ತಿಗೆ ಕೈಪಳಗಿ ವೇಗ ಹೆಚ್ಚಿ ವ್ಯತ್ಯಾಸ ಕುಗ್ಗುತ್ತದೆ. 20 ಜನರಿದ್ದರೆ 10 ಜನಕ್ಕೆ ಒಂದು ಕ್ರಮ, 10 ಜನಕ್ಕೆ ತಿರುವುಮುರುವು. ಕೆಂಪು-ಹಸಿರು ಗುರುತಿಸಲು ತೊಂದರೆ ಇದೆಯೇ ಎಂದು ಮೊದಲೇ ಕೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳಿ. ಬರೀ ಕ್ಲಾಸ್ ಪ್ರಾಜೆಕ್ಟ್ ತಾನೇ ಎಂದು ಇದನ್ನು ಬಿಡಬೇಡಿ.

ಇನ್ನು ಲೆಕ್ಕ. ಅದೇ ಜನ ಎರಡೂ ಹಾಳೆ ಮಾಡಿರುವುದರಿಂದ ಪೇರ್ಡ್ ಟಿ-ಟೆಸ್ಟೇ ಬೇಕು (ಒಬ್ಬೊಬ್ಬರ ಎರಡು ಸಮಯಗಳನ್ನು ಜೋಡಿಯಾಗಿ ಹೋಲಿಸುವ ಪರೀಕ್ಷೆ), ಡಿಗ್ರಿ ಆಫ್ ಫ್ರೀಡಂ, ಅಂದರೆ ಫಲಿತಾಂಶ ತೂಗಲು ಬಳಸುವ ಸಂಖ್ಯೆ, 20 ಜನಕ್ಕೆ 19. ಬೇರೆ ಬೇರೆ ಜನರ ಎರಡು ಗುಂಪಿಗೆ ಮಾಡುವ ಇಂಡಿಪೆಂಡೆಂಟ್ ಟೆಸ್ಟ್ ಹಾಕಿದರೆ ಅದು 38 ತೋರಿಸುತ್ತದೆ; ಹೆಚ್ಚು ಎಂದು ಮೋಸಹೋಗಬೇಡಿ. ಒಬ್ಬರು ನಿಧಾನ, ಇನ್ನೊಬ್ಬರು ಚುರುಕು ಎಂಬ ವ್ಯತ್ಯಾಸವೆಲ್ಲ ಎರರ್‌ಗೆ (ಲೆಕ್ಕದಲ್ಲಿ ಕಾರಣ ತಿಳಿಯದೆ ಉಳಿಯುವ ಏರುಪೇರಿಗೆ) ಸೇರಿ ನಿಜವಾದ ಪರಿಣಾಮ ಅದರಲ್ಲಿ ಹೂತುಹೋಗಬಹುದು. ವರದಿಯಲ್ಲಿ ಸರಾಸರಿಗಳ ಜೊತೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೊಡಿ, 'ಸಾಬೀತಾಯಿತು' ಎಂದು ಬರೆಯಬೇಡಿ, 'ಊಹೆಗೆ ಬೆಂಬಲ ಸಿಕ್ಕಿತು' ಎನ್ನಿ.