ತೆರೆಯಲ್ಲಿ ಮುಚ್ಚಿದ್ದ ವಾಲ್ವ್, ಪೈಪಿನಲ್ಲಿ ಹರಿಯುತ್ತಿದ್ದ ನೀರು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಾನು ನಿರ್ವಹಿಸುವ ಕಚೇರಿ ಕಟ್ಟಡದಲ್ಲಿ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಕಂಪ್ಯೂಟರ್‌ನಿಂದ ನಿಯಂತ್ರಿಸುವ ವ್ಯವಸ್ಥೆ) ಅಳವಡಿಸಿದ ಮೇಲೂ ವಿದ್ಯುತ್ ಬಿಲ್ ಇಳಿಯಲಿಲ್ಲ. ಡಿಸೆಂಬರ್‌ನ ತಂಪು ಬೆಳಗಿನಲ್ಲೂ ಎಸಿಗಾಗಿ ನೀರನ್ನು ತಂಪಾಗಿಸುವ ಎರಡು ಚಿಲ್ಲರ್‌ಗಳು ಓಡುತ್ತಿದ್ದವು. ದಾಖಲೆಗಳನ್ನು ತೆಗೆದು ನೋಡಿದಾಗ, 7 ಡಿಗ್ರಿಯಲ್ಲಿ ಹೊರಟು 12 ಡಿಗ್ರಿಗೆ ಮರಳಬೇಕಾದ ನೀರು 9 ಡಿಗ್ರಿಯಲ್ಲೇ ಹಿಂದಿರುಗುತ್ತಿತ್ತು. ನೀರು ಶಾಖವನ್ನು ಸರಿಯಾಗಿ ಹೀರಿಕೊಳ್ಳದಿದ್ದರೆ ಅಷ್ಟೇ ತಂಪಿಗೆ ಹೆಚ್ಚು ನೀರು ಹರಿಯಬೇಕಾಗುತ್ತದೆ. ಪಂಪ್‌ಗಳು ಪೂರ್ಣ ವೇಗದಲ್ಲಿ ತಿರುಗುತ್ತವೆ, ಆ ಹರಿವಿಗಾಗಿಯೇ ಎರಡನೆಯ ಚಿಲ್ಲರ್ ಚಾಲೂ ಆಗುತ್ತದೆ.

ಮಹಡಿ ಮಹಡಿಗೂ ಹೋಗಿ ಪರಿಶೀಲಿಸಿದೆವು. ಬಿಎಂಎಸ್‌ನ ಕಂಪ್ಯೂಟರ್ ತೆರೆಯಲ್ಲಿ ನೀರಿನ ವಾಲ್ವ್ ಶೇ. 0, ಅಂದರೆ ಪೂರ್ತಿ ಮುಚ್ಚಿದೆ ಎಂದು ತೋರಿಸುತ್ತಿದ್ದ, ಫ್ಯಾನ್ ನಿಂತಿದ್ದ ಎಎಚ್‌ಯುವಿನ (ಈ ತಣ್ಣೀರಿನಿಂದ ಗಾಳಿ ತಂಪಾಗಿಸಿ ಮಹಡಿಗೆ ಕಳಿಸುವ ಘಟಕ) ಹಿಂದಿರುಗುವ ಪೈಪನ್ನು ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು, ಅಂದರೆ ನೀರು ಶಾಖ ಹೀರದೆ ಹಾಗೆಯೇ ಹರಿದು ಮರಳುತ್ತಿತ್ತು. ವಾಲ್ವ್ ತಿರುಗಿಸುವ ಮೋಟರ್, ಅಂದರೆ ಆಕ್ಚುಯೇಟರ್‌, ತಿರುಗಿದರೂ ಅದನ್ನು ವಾಲ್ವ್‌ಗೆ ಜೋಡಿಸುವ ಕ್ಲಾಂಪ್ ಸಡಿಲಗೊಂಡು ಜಾರುತ್ತಿತ್ತು. ಇನ್ನು ಕೆಲವು ಮಹಡಿಗಳಲ್ಲಿ ವಾಲ್ವ್‌ಗಳನ್ನು ಯಾರೋ ಮ್ಯಾನುಯಲ್‌ನಲ್ಲಿ ತೆರೆದಿಟ್ಟಿದ್ದರು.

ಕ್ಲಾಂಪ್‌ಗಳನ್ನು ಬಿಗಿಗೊಳಿಸಿ, ಸವೆದ ಆಕ್ಚುಯೇಟರ್‌ಗಳನ್ನು ಬದಲಿಸಿ, ಎಲ್ಲವನ್ನೂ ಆಟೋಗೆ ತಂದು, ಫ್ಯಾನ್ ನಿಂತೊಡನೆ ವಾಲ್ವ್ ಮುಚ್ಚುವಂತೆ ಇಂಟರ್‌ಲಾಕ್ ಕೊಟ್ಟೆವು. ಅನಂತರವೇ ಪಂಪ್‌ನ ಒತ್ತಡದ ಸೆಟ್‌ಪಾಯಿಂಟ್ (ಪಂಪ್ ಕಾಯ್ದುಕೊಳ್ಳಬೇಕಾದ ಒತ್ತಡದ ಮಟ್ಟ) ತಗ್ಗಿಸಿದೆವು, ವೇಗ ಶೇ. 80ಕ್ಕೆ ಇಳಿದರೆ ಪಂಪ್ ಎಳೆಯುವ ವಿದ್ಯುತ್ ಸುಮಾರು ಅರ್ಧವಾಗುತ್ತದೆ ಎಂಬುದರಿಂದ ಈ ಹೆಜ್ಜೆ ಬಹಳ ಮುಖ್ಯ. ಈಗ ನೀರು 11 ಡಿಗ್ರಿ ದಾಟಿ ಮರಳುತ್ತಿದೆ, ಎರಡನೆಯ ಚಿಲ್ಲರ್ ಏಪ್ರಿಲ್‌ನ ಮಧ್ಯಾಹ್ನಗಳಿಗೆ ಮಾತ್ರ ಬೇಕಾಗುತ್ತದೆ.

ತೆರೆಯ ಮೇಲಿನ ಅಂಕಿ ಬಹುತೇಕ ಆಜ್ಞೆಯನ್ನಷ್ಟೇ ತೋರಿಸುತ್ತದೆ, ವಾಲ್ವ್‌ನ ನಿಜವಾದ ಸ್ಥಿತಿಯನ್ನಲ್ಲ. ಆದ್ದರಿಂದ ಹಿಂದಿರುಗುವ ಪೈಪ್‌ಗೆ ಪ್ರತಿ ಮಹಡಿಯಲ್ಲೂ ಒಂದು ತಾಪಮಾನ ಸೆನ್ಸರ್ ಹಾಕಿಸಿ ಎಂದು ನಿರ್ವಹಣೆಯ ಗೆಳೆಯರಲ್ಲಿ ಒತ್ತಾಯದಿಂದ ಕೇಳಿಕೊಳ್ಳುತ್ತೇನೆ.