ಗಳಿಗೆ ಬಟ್ಟಲು ಮಾಡುವುದು ಹೇಗೆ?

ಪಂಚಾಂಗ ತೆರೆದರೆ ತಿಥಿ, ನಕ್ಷತ್ರಗಳ ಮುಂದೆ ಗಳಿಗೆ–ವಿಗಳಿಗೆ ಲೆಕ್ಕ ಈಗಲೂ ಕಾಣುತ್ತದೆ (60 ವಿಗಳಿಗೆ ಸೇರಿದರೆ ಒಂದು ಗಳಿಗೆ). ಗಡಿಯಾರ ಬರುವ ಮೊದಲು ಆ ಗಳಿಗೆಯನ್ನು ಅಳೆಯುತ್ತಿದ್ದುದು ತಳದಲ್ಲಿ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಹಗಲು ರಾತ್ರಿ ಸೇರಿ 60 ಸಲ ಮುಳುಗಬೇಕು ಎನ್ನುತ್ತದೆ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ. ಅಂದರೆ ಸಲಕ್ಕೆ 24 ನಿಮಿಷ.

ಅರ್ಧಗೋಳದಂಥ, ಸುಮಾರು 12 ಸೆಂ.ಮೀ. ಅಗಲದ ತೆಳು ಬಟ್ಟಲು ತನ್ನಿ. ಸ್ಟೀಲಿನದೂ ನಡೆದೀತು, ಆದರೆ ತಾಮ್ರ ಮೆದು, ತಿದ್ದುವುದು ಸುಲಭ. ಅಡಿಯಲ್ಲಿ ಬಳೆ ಇರುವ ಬಟ್ಟಲು ಮಾತ್ರ ಬೇಡ; ಅದರೊಳಗೆ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ.

ತೂತು ಎಲ್ಲಿ ಕೊರೆಯಬೇಕು? ಬಟ್ಟಲನ್ನು ತೇಲಿಬಿಟ್ಟು ಒಳಗೆ ಒಂದು ಹನಿ ನೀರು ಹಾಕಿ. ಹನಿ ಹರಿದು ನಿಂತ ಕಡೆ ಗುರುತು ಮಾಡಿ, ಅಲ್ಲೇ ಕೊರೆಯಿರಿ. 1 ಮಿ.ಮೀ.ಗಿಂತ ಸಣ್ಣದರಿಂದಲೇ ಶುರು ಮಾಡಿ, ಏಕೆಂದರೆ ತೂತಿನ ಅಗಲ ದುಪ್ಪಟ್ಟಾದರೆ ಮುಳುಗುವ ಸಮಯ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿದುಬಿಡುತ್ತದೆ.

ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ. ಇಷ್ಟು ತೂಕದ ಚಿನ್ನವನ್ನು ಇಷ್ಟುದ್ದದ ಸಲಾಕೆ ಮಾಡಿ, ಅದು ತೂರುವಷ್ಟೇ ತೂತು ಮಾಡಿ ಎಂದು ಕೆಲವು ಹಳೆಯ ಗ್ರಂಥಗಳು ಹೇಳುತ್ತವೆ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಆ ಗೋಜಿಗೇ ಹೋಗಲಿಲ್ಲ. ತೂತು ಎಷ್ಟಾದರೂ ಇರಲಿ, ದಿನಕ್ಕೆ ಎಷ್ಟು ಸಲ ಮುಳುಗಿತೋ ಅಷ್ಟರಿಂದ ದಿನವನ್ನು ಭಾಗಿಸಿ ಎಂದರು. ತೂತಿನ ಅಳತೆಗಿಂತ ಮುಳುಗುವ ಸಮಯವನ್ನೇ ನೋಡುವುದು ಸರಿ ಎಂದು ನನಗೂ ಅನಿಸುತ್ತದೆ. ಆದರೆ ನಮಗೆ ಸರಿಯಾಗಿ ಒಂದು ಗಳಿಗೆಯ ಬಟ್ಟಲು ಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ: 24 ನಿಮಿಷಕ್ಕಿಂತ ತಡವಾದರೆ ಸಣ್ಣ ಅರದಿಂದ ತೂತನ್ನು ಒಂದೇ ಒಂದು ಸುತ್ತು ಉಜ್ಜಿ, ಮತ್ತೆ ಅಳೆಯಿರಿ. ಬೇಗ ಮುಳುಗಿದರೆ ತೂತಿನ ಅಂಚನ್ನು ಹೊರಗಿನಿಂದ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿ. ತಾಮ್ರ ಒಳಕ್ಕೆ ಸರಿದು ತೂತು ಕಿರಿದಾಗುತ್ತದೆ.

ಪ್ರತಿ ಸಲವೂ ಬಟ್ಟಲನ್ನು ಒರೆಸಿಯೇ ತೇಲಿಬಿಡಿ. ನೀರನ್ನು ಬಟ್ಟೆಯಲ್ಲಿ ಸೋಸಿರಬೇಕು. ಒಂದು ಎಳೆ ನೂಲು ಸಿಕ್ಕಿದರೂ ಲೆಕ್ಕ ಕೆಡುತ್ತದೆ. ತಣ್ಣೀರಿನಲ್ಲಿ ಬಟ್ಟಲು ಸ್ವಲ್ಪ ತಡವಾಗಿ ಮುಳುಗುತ್ತದೆ, ಹಾಗಾಗಿ ಬಳಸುವ ಹೊತ್ತಿನ ನೀರಿನಲ್ಲೇ ಪರೀಕ್ಷಿಸಿ.

ಎಣಿಕೆ ಸೂರ್ಯೋದಯದಿಂದ. 6:15ಕ್ಕೆ ಸೂರ್ಯ ಹುಟ್ಟಿದ ದಿನ, 12 ಗಳಿಗೆ 30 ವಿಗಳಿಗೆ ಎಂದರೆ ಐದು ತಾಸು ಕಳೆದು 11:15. ಹನ್ನೆರಡು ಸಲ ಮುಳುಗಿ, ಹದಿಮೂರನೆಯದು ಅರ್ಧ ಸಮಯ ಕಳೆದಿರುತ್ತದೆ.

ರಾತ್ರಿ ಎಚ್ಚರವಾದವರಿಗೆ ಗಳಿಗೆಯ ಜಾಗಟೆ ಕೇಳಿದರೂ ಅದು ಯಾವ ಜಾವದ್ದೆಂದು ತಿಳಿಯುತ್ತಿರಲಿಲ್ಲ ಎಂದು ಬಾಬರ್ ಬರೆದಿದ್ದಾನೆ. ಗಳಿಗೆ ಬಾರಿಸಿ, ಸ್ವಲ್ಪ ತಡೆದು ಜಾವದ ಸಂಖ್ಯೆಯನ್ನೂ ಬಾರಿಸಬೇಕೆಂದು ಅಪ್ಪಣೆ ಮಾಡಿದ. ನಮಗೆ ಸೀಮೆಸುಣ್ಣದ ಗೀಟು ಸಾಕು: ಮುಳುಗಿದಾಗಲೆಲ್ಲ ಒಂದು.