ತೊಟ್ಟಿಕ್ಕುವ ನೀರಿನಿಂದ ವಿದ್ಯುತ್ ಕಿಡಿ ಪಡೆಯುವ ವಿಧಾನ

1840ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪದ ಕಲ್ಲಿದ್ದಲು ಗಣಿಯೊಂದರಲ್ಲಿ, ಬಾಯ್ಲರಿನಿಂದ ಸೋರುತ್ತಿದ್ದ ಹಬೆಯಲ್ಲಿ ಒಂದು ಕೈಯಿಟ್ಟು ಇನ್ನೊಂದನ್ನು ಸೇಫ್ಟಿ ವಾಲ್ವಿನತ್ತ ಚಾಚಿದ ಕೆಲಸಗಾರನಿಗೆ ಕಿಡಿ ಹಾರಿ ಶಾಕ್ ಹೊಡೆಯಿತು. ಸಂಶೋಧಕ ವಿಲಿಯಂ ಆರ್ಮ್‌ಸ್ಟ್ರಾಂಗ್ ಇದನ್ನೇ ಬೆನ್ನಟ್ಟಿ, ಗಾಜಿನ ಕಾಲುಗಳ ಮೇಲೆ ಬಾಯ್ಲರ್ ನಿಲ್ಲಿಸಿ ಉದ್ದುದ್ದ ಕಿಡಿಗಳನ್ನು ಪಡೆದರು. ಒಣ ಹಬೆಯಿಂದ ಏನೂ ಹುಟ್ಟುವುದಿಲ್ಲ, ಹಬೆಯೊಡನೆ ನುಗ್ಗಿ ಕೊಳವೆಗೆ ಉಜ್ಜುವ ನೀರ ಹನಿಗಳೇ ಇದಕ್ಕೆ ಕಾರಣವೆಂದು 1843ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟರು. ಒತ್ತಡದ ಹಬೆಯ ಸಹವಾಸ ಮನೆಯಲ್ಲಿ ಬೇಡ; ಕುಕ್ಕರಂತೂ ಬೇಡವೇ ಬೇಡ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1867ರಲ್ಲಿ ವಿವರಿಸಿದ ಸಾಧನಕ್ಕೆ ತಣ್ಣೀರೇ ಸಾಕು.

ಎರಡು ತಗಡಿನ ಡಬ್ಬಿಗಳನ್ನು ಒಣಗಿದ ದಪ್ಪ ಥರ್ಮೋಕೋಲಿನ ಮೇಲೆ ಒಂದು ಗೇಣು ಅಂತರದಲ್ಲಿಡಿ. ದಪ್ಪ ತಾಮ್ರದ ತಂತಿಯನ್ನು ಬಳೆಯಂತೆ ಬಾಗಿಸಿ, ಪ್ರತಿ ಡಬ್ಬಿಯ ಮೇಲೆ, ಅದಕ್ಕೆ ತಾಗದಂತೆ, ಒಂದು ಬಳೆ ನಿಲ್ಲುವಂತೆ ಮಾಡಿ. ಎಡಬದಿಯ ಬಳೆಯ ತಂತಿ ಬಲ ಡಬ್ಬಿಗೂ ಬಲಬದಿಯದು ಎಡ ಡಬ್ಬಿಗೂ ಸೇರಬೇಕು. ಅಡ್ಡ ಹಾಯುವಲ್ಲಿ ತಂತಿಗಳು ಒಂದಕ್ಕೊಂದು ತಾಗಬಾರದು. ಮೇಲಿನ ಒಂದೇ ಬಕೆಟ್ಟಿನಿಂದ ಎರಡು ಸಣ್ಣ ಕೊಳವೆಗಳ ಮೂಲಕ ನೀರು ಒಂದೊಂದು ಬಳೆಯೊಳಗಿಂದ ಅದರ ಕೆಳಗಿನ ಡಬ್ಬಿಗೆ ಇಳಿಯಲಿ.

ಇಲ್ಲಿ ಅವಸರ ಸಲ್ಲದು. ನೀರಿನ ಎಳೆ ಕಡಿದು ಹನಿಯಾಗುವ ಜಾಗ ಸರಿಯಾಗಿ ಬಳೆಯೊಳಗೇ ಬರುವಂತೆ ನಲ್ಲಿಯನ್ನೋ ಬಳೆಯ ಎತ್ತರವನ್ನೋ ಹೊಂದಿಸಬೇಕು. ಒಂದು ಡಬ್ಬಿಯಲ್ಲಿ ತಾನಾಗಿಯೇ ಇರುವ ತುಸು ಋಣಾವೇಶವು (ನೆಗೆಟಿವ್ ಚಾರ್ಜ್) ಅದಕ್ಕೆ ಸೇರಿದ ಬಳೆಯ ಮೂಲಕ ಹನಿಗಳಲ್ಲಿ ಧನಾವೇಶವನ್ನು (ಪಾಸಿಟಿವ್ ಚಾರ್ಜ್) ಪ್ರೇರಿಸುತ್ತದೆ. ಆ ಹನಿಗಳು ಎದುರು ಡಬ್ಬಿಗೆ ಬಿದ್ದು ಅದಕ್ಕೆ ಸೇರಿದ ಬಳೆಯನ್ನು ಇನ್ನಷ್ಟು ಧನವಾಗಿಸುತ್ತವೆ, ಹೀಗೆ ಎರಡೂ ಒಂದನ್ನೊಂದು ಬೆಳೆಸುತ್ತವೆ. ಶಕ್ತಿ ಬರುವುದು ನೀರಿನ ಬೀಳುವಿಕೆಯಿಂದ.

ಡಬ್ಬಿಗಳಿಂದ ಎರಡು ತಂತಿಗಳನ್ನು ತಂದು ತುದಿಗಳ ನಡುವೆ ಎರಡು ಮಿಲಿಮೀಟರ್ ಬಿಡಿ. ಆಗಾಗ ಚಿಟ್ಟೆಂದು ಕಿಡಿ ಹಾರುತ್ತದೆ. ಕತ್ತಲೆಯಲ್ಲಿ ಲೈನ್ ಟೆಸ್ಟರಿನ ನಿಯಾನ್ ಬಲ್ಬನ್ನು ಆ ಹಾದಿಯಲ್ಲಿ ಸೇರಿಸಿದರೆ ಅದೂ ಮಿನುಗುತ್ತದೆ. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಆವೇಶದ ಮೊತ್ತ ಅತ್ಯಲ್ಪವಾದುದರಿಂದ ಮೊಬೈಲ್ ಚಾರ್ಜ್ ಮಾಡುವ ಕನಸು ಕಾಣಬಾರದು.

ಕಿಡಿ ಬಾರದಿದ್ದರೆ ಮೊದಲು ಥರ್ಮೋಕೋಲ್ ಒರೆಸಿ. ಸಿಡಿದ ಒಂದೆರಡು ಹನಿಗಳೇ ಆವೇಶವನ್ನು ನೆಲಕ್ಕೆ ಹರಿಸಿಬಿಡುತ್ತವೆ. ಕರಾವಳಿಯ ಮಳೆಗಾಲದಲ್ಲಿ ಇದು ಕೈಕೊಡುವುದೇ ಹೆಚ್ಚು, ಚಳಿಗಾಲದ ಒಣಹವೆ ಒಳ್ಳೆಯದು. ಕಿಡಿಯ ಅಂತರವನ್ನು ಹೆಚ್ಚಿಸುತ್ತ ಹೋದರೆ, ಹನಿಗಳು ನೇರವಾಗಿ ಬೀಳುವುದನ್ನು ಬಿಟ್ಟು ಬಳೆಯತ್ತ ಬಾಗಿ ಸುತ್ತಲೂ ಚದುರತೊಡಗುತ್ತವೆ.